ಡಿಸೆಂಬರ್ ರಜೆಗೆ ಪಾರ್ಕ್ ತೆರೆಯಬೇಕೇ? ಕರಾವಳಿಗೊಂದು ಲೆಕ್ಕ, ಘಟ್ಟದ ಮೇಲೆ ಇನ್ನೊಂದು

ಉತ್ತರ ಕನ್ನಡದಲ್ಲಿ ನೀರಾಟದ ಕೊಳ, ರೈಡುಗಳಿರುವ ಸೀಸನ್ ಪಾರ್ಕ್ ಎಂದರೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗಿನ ಏಳು ವಾರ. ಜೂನ್‌ನಲ್ಲಿ ಮಳೆ ಹಿಡಿದರೆ ರೈಡುಗಳಿಗೆ ಟಾರ್ಪಾಲು, ಗೇಟಿಗೆ ಬೀಗ. ಅಕ್ಟೋಬರ್‌ನ ದಸರಾ ರಜೆ ಉದ್ದವೇನೋ ಇರುತ್ತದೆ, ಆದರೆ ಸಂಜೆಯ ಗುಡುಗು ಮಳೆ ಆಗಿನ್ನೂ ಬಿಟ್ಟಿರುವುದಿಲ್ಲ. ಉಳಿಯುವುದು ಡಿಸೆಂಬರ್. ಆಗ ಮುರ್ಡೇಶ್ವರ, ಗೋಕರ್ಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಹೆದ್ದಾರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿರುತ್ತವೆ. ಬೀಗ ತೆಗೆಯೋಣವೇ ಎಂಬ ಮಾತು ಆಗ ಏಳುತ್ತದೆ.

ಹೌದು ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಹೇಳಲಾಗದು, ಏಕೆಂದರೆ ಆಯ್ಕೆಗಳು ಐದಿವೆ. ಏಪ್ರಿಲ್‌ವರೆಗೆ ಮುಚ್ಚಿಯೇ ಇಡುವುದು ಒಂದು. ಡಿಸೆಂಬರ್ 21ರಿಂದ ಜನವರಿ 1ರವರೆಗೆ ನೀರು, ರೈಡು ಎಲ್ಲವನ್ನೂ ಹನ್ನೆರಡು ದಿನ ನಡೆಸುವುದು ಎರಡನೆಯದು. ನೀರಿನ ಭಾಗ ಮುಚ್ಚಿ, ರೈಡುಗಳನ್ನು ಮಾತ್ರ ಸಂಜೆ ಹೊತ್ತು ನಡೆಸುವುದು ಮೂರನೆಯದು. ನವೆಂಬರ್ ಮಧ್ಯದಿಂದ ಗಣರಾಜ್ಯೋತ್ಸವದವರೆಗೆ ಶನಿವಾರ ಭಾನುವಾರ ಮಾತ್ರ ತೆರೆಯುವುದು ನಾಲ್ಕನೆಯದು. ಮುಂಗಡ ಬುಕಿಂಗ್ ಆದ ಶಾಲಾ ಪ್ರವಾಸಗಳಿಗಷ್ಟೇ ಗೇಟು ತೆಗೆಯುವುದು ಐದನೆಯದು. ಪಾರ್ಕ್ ಕಾರವಾರ–ಕುಮಟಾ–ಹೊನ್ನಾವರ ಸಾಲಿನಲ್ಲಿದೆಯೋ, ಶಿರಸಿ–ಸಿದ್ದಾಪುರದ ಕಡೆಗಿದೆಯೋ ಎಂಬುದರ ಮೇಲೆ ಉತ್ತರ ತಿರುಗುತ್ತದೆ.

ಮೊದಲು ಹವೆ, ಆಮೇಲೆ ಜನ

ಕರಾವಳಿಯಲ್ಲಿ ಚಳಿಗಾಲ ಎಂಬುದು ಹೆಸರಿಗೆ. ಕಾರವಾರದಲ್ಲಿ ಡಿಸೆಂಬರ್ ಮಧ್ಯಾಹ್ನ 32–33 ಡಿಗ್ರಿ ಮುಟ್ಟುತ್ತದೆ, ಬೆಳಗಿನ ಜಾವ 20ರ ಆಸುಪಾಸು. ಹನ್ನೊಂದು ಗಂಟೆಯಿಂದ ನಾಲ್ಕರವರೆಗೆ ಮಕ್ಕಳು ನೀರಿನಲ್ಲಿ ಆಡಲು ಏಪ್ರಿಲ್‌ಗಿಂತ ಇದೇ ಹಿತ. ಘಟ್ಟ ಹತ್ತಿದರೆ ಮಾತು ಬೇರೆ. ಶಿರಸಿಯಲ್ಲಿ ಬೆಳಗಿನ ತಾಪಮಾನ 14–15ಕ್ಕೆ ಇಳಿಯುತ್ತದೆ, ಮಂಜು ಎದ್ದು ಬಿಸಿಲು ನೆಲಕ್ಕೆ ತಾಗುವಾಗ ಒಂಬತ್ತು ದಾಟಿರುತ್ತದೆ. ರಾತ್ರಿಯಿಡೀ ತಣಿದ ಕೊಳದ ನೀರು ಮಧ್ಯಾಹ್ನದ ಬಿಸಿಲಿಗೂ ಬೆಚ್ಚಗಾಗುವುದಿಲ್ಲ. ಹತ್ತು ನಿಮಿಷಕ್ಕೆ ತುಟಿ ನೀಲಿಯಾಗಿ ನಡುಗುತ್ತಾ ಮೇಲೆ ಬರುವ ಮಗು ಮತ್ತೆ ನೀರಿಗಿಳಿಯದು, ಮನೆಯವರೂ ಇಳಿಸರು. ಆದ್ದರಿಂದ ಘಟ್ಟದ ಮೇಲಿನವರು ಡಿಸೆಂಬರ್‌ನಲ್ಲಿ ನೀರಿನ ಭಾಗದ ಯೋಚನೆಯನ್ನೇ ಬಿಡಬೇಕು.

ಜನರ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ‘ರಜೆ’ ಎಂಬ ಮಾತಿನಲ್ಲಿ. ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ದೊಡ್ಡ ರಜೆ ಎರಡೇ: ದಸರಾ ಮತ್ತು ಬೇಸಿಗೆ. ಕ್ರಿಸ್‌ಮಸ್ ರಜೆ ಇರುವುದು ಕೆಲವು ಸಂಸ್ಥೆಗಳಿಗೆ ಮಾತ್ರ, ಅವೂ ಆ ದಿನಗಳನ್ನು ದಸರಾ ರಜೆಯಲ್ಲಿ ಕಡಿತ ಮಾಡಿಕೊಳ್ಳುತ್ತವೆ. ಅಂದರೆ ಅಂಕೋಲೆಯ ಮಗು ಡಿಸೆಂಬರ್ 22ರ ಸುಮಾರಿನ ವಾರದ ದಿನ ತರಗತಿಯಲ್ಲೇ ಇರುತ್ತದೆ. ಬರುವವರು ಮೂರು ಬಗೆ. ಡಿಸೆಂಬರ್ ಮೊದಲೆರಡು ವಾರ, ವಾರದ ದಿನಗಳಲ್ಲಿ, ಬಯಲುಸೀಮೆಯ ಶಾಲಾ ಪ್ರವಾಸಗಳು. 24ರಿಂದ 1ರವರೆಗೆ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯ ಕಾರುಗಳು. ಅದೇ ವಾರದಲ್ಲಿ ಗೋವಾದ ಕಡೆಯಿಂದ ಇಳಿದು ಬರುವ ಕುಟುಂಬಗಳು. ಊರಿನವರು ಬರುವುದು ಭಾನುವಾರ ಸಂಜೆ, ಅದೂ ಆ ರಾತ್ರಿ ಹತ್ತಿರದಲ್ಲಿ ಯಕ್ಷಗಾನದ ಆಟವಿಲ್ಲದಿದ್ದರೆ.

ಗೋವಾದ ವಾಹನಗಳನ್ನು ನಂಬಿ ಲೆಕ್ಕ ಹಾಕುವ ಕಾರವಾರದವರು ಗೋವಾ ಹೆದ್ದಾರಿಯ ಕಾಳಿ ನದಿ ಸೇತುವೆಯನ್ನು ಮರೆಯಬಾರದು. ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಕುಸಿಯಿತು. ಅದರ ಬದಲಿ ಸಿದ್ಧವಾಗುವ ತನಕ ಎರಡೂ ದಿಕ್ಕಿನ ಸಂಚಾರ ಒಂದೇ ಸೇತುವೆಯ ಮೇಲೆ ಎಂದಿಟ್ಟುಕೊಂಡೇ ಯೋಜನೆ ಮಾಡಿ. ವರ್ಷದ ಕೊನೆಯ ವಾರ ಸದಾಶಿವಗಡದ ಕಡೆ ವಾಹನ ನಿಂತರೆ ನಾಲ್ಕಕ್ಕೆ ಬರಬೇಕಾದವರು ಆರಕ್ಕೆ ಬರುತ್ತಾರೆ. ಡಿಸೆಂಬರ್‌ನಲ್ಲಿ ಆರೂಕಾಲಿಗೆ ಸೂರ್ಯ ಮುಳುಗಿಯಾಗಿರುತ್ತದೆ, ಕೊಳಕ್ಕೆ ಇಳಿಸುವ ಹೊತ್ತು ಮುಗಿದಿರುತ್ತದೆ. ಕರಾವಳಿ ಉತ್ಸವ ಡಿಸೆಂಬರ್‌ನಲ್ಲಿ ನಡೆಯುವ ವರ್ಷವಾದರೆ ಸಂಜೆಯ ಜನ ಕಡಲತೀರದ ವೇದಿಕೆಯತ್ತ ಹೋಗುತ್ತಾರೆ. ಅಂಥ ವರ್ಷ ಹಗಲಿನ ಟಿಕೆಟ್ ಮೇಲೆ ಗಮನವಿಡಿ.

ಹಣದ ಲೆಕ್ಕ ತಪ್ಪುವ ಜಾಗ

ಆರು ರೈಡು, ಎರಡು ಲಕ್ಷ ಲೀಟರಿನ ಒಂದು ಕೊಳ ಇರುವ ಸಣ್ಣ ಪಾರ್ಕ್ ಎಂದುಕೊಳ್ಳಿ. ಇಲ್ಲಿನ ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ತುಂಬಿಕೊಳ್ಳಿ. ಮಳೆಗಾಲದ ನಂತರ ತೆರೆಯಲು ಓವರ್‌ಹಾಲ್ (ಬಿಚ್ಚಿ ರಿಪೇರಿ), ತಪಾಸಣೆ, ನೀರು, ಬಣ್ಣ ಎಲ್ಲ ಸೇರಿ 4.5 ಲಕ್ಷ. ತೆರೆದ ದಿನವೊಂದಕ್ಕೆ ಸಂಬಳ, ಕರೆಂಟು, ಡೀಸೆಲ್ ಸೇರಿ 55,000. ತಲೆಗೆ 350 ಬಂದು, ಕಾಸ್ಟ್ಯೂಮ್ ಒಗೆತ, ಬ್ಯಾಂಡ್, ಕಮಿಷನ್ ಕಳೆದು ಉಳಿಯುವುದು 300.

ಸಾಮಾನ್ಯವಾಗಿ ಹಾಕುವ ಲೆಕ್ಕ ಹೀಗೆ: 4.5 ಲಕ್ಷಕ್ಕೆ ಹನ್ನೆರಡು ದಿನದ 6.6 ಲಕ್ಷ ಕೂಡಿಸಿದರೆ 11.1 ಲಕ್ಷ. 300ರಿಂದ ಭಾಗಿಸಿದರೆ 3,700 ಜನ, ದಿನಕ್ಕೆ ಸುಮಾರು 308. ಇಷ್ಟು ಜನ ಬಾರರು ಎಂದು ಕಡತ ಮುಚ್ಚಿಬಿಡುತ್ತಾರೆ. ಆದರೆ ಆ 4.5 ಲಕ್ಷವನ್ನು ಮಾರ್ಚ್‌ನಲ್ಲಿ ಹೇಗೂ ಖರ್ಚು ಮಾಡಲೇಬೇಕಲ್ಲ. ಡಿಸೆಂಬರ್‌ನಲ್ಲಿ ಪೂರ್ತಿ ಓವರ್‌ಹಾಲ್ ಆಗಿದ್ದರೆ ಮಾರ್ಚ್‌ನದ್ದು ತಪಾಸಣೆ, ಗ್ರೀಸು, ನೀರು ಇಷ್ಟಕ್ಕೆ ಇಳಿಯುತ್ತದೆ, 1.5 ಲಕ್ಷ ಎನ್ನೋಣ. ಆಗ ಡಿಸೆಂಬರ್‌ನ ನಿಜವಾದ ಹೆಚ್ಚುವರಿ ಹೊರೆ ಬರೇ 1.5 ಲಕ್ಷ. ಅದಕ್ಕೆ ಹನ್ನೆರಡು ದಿನದ 6.6 ಲಕ್ಷ ಕೂಡಿಸಿದರೆ 8.1 ಲಕ್ಷ. ಇಷ್ಟಕ್ಕೆ 2,700 ಜನ, ದಿನಕ್ಕೆ 225. ಒಂದೇ ಪಾರ್ಕು, ಒಂದೇ ಖರ್ಚು, ತೀರ್ಮಾನ ಮಾತ್ರ ಬೇರೆ.

ಇದರ ಹಿಂದೆ ಯಂತ್ರದ ಕಾರಣವೂ ಇದೆ. ಉಪ್ಪುಗಾಳಿಯಲ್ಲಿ ಹತ್ತು ತಿಂಗಳು ನಿಂತ ರೈಡು ಓಡಿದ ರೈಡಿಗಿಂತ ಬೇಗ ಹಾಳಾಗುತ್ತದೆ. ಬೇರಿಂಗ್ ಒಂದೇ ಭಂಗಿಯಲ್ಲಿ ಭಾರ ಹೊತ್ತು ನಿಂತಾಗ ಗುಂಡುಗಳ ಕೆಳಗಿನ ಗ್ರೀಸ್ ಹಿಂಡಿಹೋಗಿ ಅಲ್ಲಿಯೇ ತುಕ್ಕಿನ ಚುಕ್ಕೆ ಏಳುತ್ತದೆ. ಅದೇ ಬೇರಿಂಗ್ ಏಪ್ರಿಲ್‌ನಲ್ಲಿ ‘ಕಟಕಟ’ ಎನ್ನತೊಡಗುತ್ತದೆ. ಡಿಸೆಂಬರ್‌ನಲ್ಲಿ ತೆರೆಯದಿದ್ದರೂ ತಿಂಗಳಿಗೊಮ್ಮೆ ಪ್ರತಿ ರೈಡನ್ನೂ ಹದಿನೈದು ನಿಮಿಷ ಖಾಲಿ ತಿರುಗಿಸಿ, ನಿಂತ ಜಾಗ ಬದಲಿಸಬೇಕು.

ರೈಡು ಮಾತ್ರ, ಸಂಜೆ ಮಾತ್ರ ಎಂಬ ಆಯ್ಕೆಗೆ ಹೆಚ್ಚುವರಿ ಹೊರೆ 80,000, ದಿನದ ಖರ್ಚು 28,000, ತಲೆಗೆ ಉಳಿಯುವುದು 150 ಎಂದರೆ ದಿನಕ್ಕೆ 231 ಜನ ಬೇಕು. ತಲೆಯೆಣಿಕೆಯಲ್ಲಿ ಎರಡೂ ಹೆಚ್ಚುಕಡಿಮೆ ಸಮ. ವ್ಯತ್ಯಾಸ ಕಾಣುವುದು ಲೆಕ್ಕ ಕೈಕೊಟ್ಟಾಗ. ಅರ್ಧದಷ್ಟೇ ಜನ ಬಂದರೆ ಪೂರ್ತಿ ತೆರೆದವರಿಗೆ ನಾಲ್ಕು ಲಕ್ಷ ನಷ್ಟ, ಸಂಜೆ ಮಾತ್ರ ತೆರೆದವರಿಗೆ ಎರಡು ಲಕ್ಷ. ಮೊದಲ ವರ್ಷ ಪ್ರಯತ್ನಿಸುವವರು ಇದನ್ನು ಗಮನದಲ್ಲಿಡಬೇಕು.

ವಾರಾಂತ್ಯದ ಆಯ್ಕೆ ಕೇಳಲು ಚೆಂದ, ನಡೆಸಲು ಕಷ್ಟ. ತಿಂಗಳಿಗೆ ಎಂಟು ದಿನದ ಕೆಲಸಕ್ಕೆ ಪಳಗಿದ ಆಪರೇಟರ್ ನಿಲ್ಲುವುದಿಲ್ಲ, ನಿಲ್ಲಿಸಿಕೊಂಡರೆ ತಿಂಗಳ ಸಂಬಳ ಕೊಡಬೇಕು. ಕೊಳದ ನೀರನ್ನು ಸೋಮವಾರದಿಂದ ಶುಕ್ರವಾರದವರೆಗೆ ಹಾಗೇ ಬಿಟ್ಟರೆ ಪಾಚಿ ಕಟ್ಟುತ್ತದೆ, ಬಿಡದಿದ್ದರೆ ಜನರಿಲ್ಲದೆಯೂ ಪಂಪ್ ಓಡಬೇಕು. ನಮ್ಮ ಮಟ್ಟಿಗೆ ಇದು ಐದರಲ್ಲಿ ಕೊನೆಯ ಆಯ್ಕೆ.

ನೀರು: ಡಿಸೆಂಬರ್ ಕೊಡುವ ದೊಡ್ಡ ಅನುಕೂಲ

ಕರಾವಳಿಯ ಬಾವಿಗಳಲ್ಲಿ ಡಿಸೆಂಬರ್‌ನಲ್ಲಿ ಸಿಹಿನೀರು ತುಂಬಿರುತ್ತದೆ. ಮೇ ಹೊತ್ತಿಗೆ ಅದೇ ಬಾವಿ ತಳ ಕಂಡು, ಕಡಲು ಹತ್ತಿರವಿದ್ದರೆ ಉಪ್ಪಾಗುತ್ತದೆ. ಎರಡು ಲಕ್ಷ ಲೀಟರಿನ ಕೊಳಕ್ಕೆ 12,000 ಲೀಟರಿನ ಹದಿನೇಳು ಟ್ಯಾಂಕರ್ ಬೇಕು. ಬೇಸಿಗೆಯಲ್ಲಿ ಊರು ನೀರಿಗೆ ಕೊಡ ಹಿಡಿದು ನಿಂತಾಗ ಪಾರ್ಕಿಗೆ ಟ್ಯಾಂಕರ್ ಹೋಗುವುದು ಯಾರಿಗೂ ಒಳ್ಳೆಯದಲ್ಲ. ಆ ತಾಪತ್ರಯ ಡಿಸೆಂಬರ್‌ನಲ್ಲಿಲ್ಲ.

ಆದರೆ ಜಂಬಿಟ್ಟಿಗೆ ಕಲ್ಲಿನ ನೆಲದ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಬಾವಿಯಲ್ಲಿ ತಿಳಿಯಾಗಿ ಕಂಡ ನೀರಿಗೆ ಕ್ಲೋರಿನ್ ಬಿದ್ದ ಕೂಡಲೇ ಚಹಾದ ಬಣ್ಣ ಬರುತ್ತದೆ. ಗಾಬರಿಯಾಗಿ ಇನ್ನಷ್ಟು ಕ್ಲೋರಿನ್ ಸುರಿಯುವುದು ಸಾಮಾನ್ಯ ತಪ್ಪು. ಉದ್ಘಾಟನೆಗೆ ಕನಿಷ್ಠ ಐದು ದಿನ ಮೊದಲು ಕೊಳ ತುಂಬಿ. 65 ಶೇಕಡಾದ ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಮೂರು ಕಿಲೋ ಬಕೆಟ್ ನೀರಿನಲ್ಲಿ ಕರಗಿಸಿ ಹಾಕಿದರೆ ಎರಡು ಲಕ್ಷ ಲೀಟರಿಗೆ ಸುಮಾರು 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಕ್ಲೋರಿನ್ ಆಗುತ್ತದೆ, ಕಬ್ಬಿಣವೆಲ್ಲ ಕಿಟ್ಟವಾಗಿ ಹೊರಬರುತ್ತದೆ. ಆಮೇಲೆ ಎರಡರಿಂದ ನಾಲ್ಕು ಕಿಲೋ ಪಟಿಕ ಹಾಕಿ, ಪಂಪ್ ನಿಲ್ಲಿಸಿ ಒಂದು ರಾತ್ರಿ ಬಿಡಿ. ತಳಕ್ಕಿಳಿದ ಕೆಸರನ್ನು ಸಕ್ಷನ್ ಬ್ರಷ್‌ನಿಂದ ಎಳೆದು, ಫಿಲ್ಟರ್ ಮೂಲಕ ಅಲ್ಲ, ನೇರ ಹೊರಗೆ ಬಿಡಿ. ಫಿಲ್ಟರಿಗೆ ಹೋದರೆ ಮರಳು ಕಟ್ಟಿಕೊಂಡು ಒತ್ತಡ ಏರುತ್ತದೆ. ಜನರಿಳಿಯುವ ಹೊತ್ತಿಗೆ ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ (ಆಮ್ಲ–ಕ್ಷಾರದ ಮಟ್ಟ) 7.2ರಿಂದ 7.8ರೊಳಗೆ ಇರಬೇಕು. ಪ್ರವಾಸದ ಬಸ್ಸು ಇಳಿದ ದಿನ ಎರಡು ಗಂಟೆಗೊಮ್ಮೆ ಪರೀಕ್ಷಿಸಿ, ನೂರೈವತ್ತು ಮಕ್ಕಳು ಇಳಿದರೆ ಕ್ಲೋರಿನ್ ನೋಡನೋಡುತ್ತಿದ್ದಂತೆ ಕುಸಿಯುತ್ತದೆ. 1 ಪಿಪಿಎಂ ಏರಿಸಲು ಈ ಕೊಳಕ್ಕೆ ಸುಮಾರು 300 ಗ್ರಾಂ ಬೇಕು, ಅದನ್ನೂ ಮಕ್ಕಳನ್ನು ಮೇಲೆ ಕರೆಸಿಯೇ ಹಾಕಬೇಕು.

ಸಂಜೆಯ ರೈಡಿಗೆ ಶತ್ರು ಇಬ್ಬನಿ

ಬೇಸಿಗೆಯಲ್ಲಿ ಇಲ್ಲದ ಒಂದು ತೊಂದರೆ ಡಿಸೆಂಬರ್‌ನಲ್ಲಿದೆ. ರಾತ್ರಿ ಎಂಟೂವರೆಯಿಂದಲೇ ಕಬ್ಬಿಣದ ಮೇಲೆ ಇಬ್ಬನಿ ಕೂರುತ್ತದೆ. ಸಣ್ಣ ಜೈಂಟ್ ವೀಲ್‌ಗಳು ಬಹುಪಾಲು ರಿಮ್ಮಿಗೆ ಒತ್ತಿದ ಟೈರಿನ ಹಿಡಿತದಲ್ಲಿ ತಿರುಗುತ್ತವೆ, ಅದೇ ಹಿಡಿತದಲ್ಲಿ ನಿಲ್ಲುತ್ತವೆ. ರಿಮ್ ಒದ್ದೆಯಾದರೆ ಟೈರ್ ಜಾರುತ್ತದೆ. ಆಪರೇಟರ್ ನಿಲ್ಲಿಸಿದರೂ ಚಕ್ರ ಇನ್ನರ್ಧ ಸುತ್ತು ಹೋಗಿ, ಇಳಿಯಲು ಎದ್ದವರು ಮೇಲೇರಿಬಿಡುತ್ತಾರೆ. ಜನ ಕಡಿಮೆಯಿದ್ದ ದಿನ ಇದು ಇನ್ನೂ ಕೆಟ್ಟದು: ಎಂಟೇ ಜನರನ್ನು ಒಂದೇ ಕಡೆಯ ತೊಟ್ಟಿಲುಗಳಿಗೆ ತುಂಬಿದರೆ ಭಾರದ ಕಡೆಗೆ ಚಕ್ರ ಹಿಂದಕ್ಕೆ ಉರುಳಲು ನೋಡುತ್ತದೆ. ಎದುರುಬದುರು ತೊಟ್ಟಿಲುಗಳಿಗೆ ಹಂಚಿ ಕೂರಿಸಬೇಕು, ಕಡಿಮೆ ಬಿದ್ದರೆ ಮರಳು ಚೀಲ ಇಡಬೇಕು. ಎಂಟೂವರೆಗೆ ರಿಮ್ ಒರೆಸಿ ಖಾಲಿ ಸುತ್ತು ಹಾಕಿ ನೋಡಿ, ಜಾರಿದರೆ ಅಂದಿಗೆ ಮುಗಿಸಿ. ಟೈರಿನ ಒತ್ತಡವನ್ನು ಸ್ಪ್ರಿಂಗ್ ಬಿಗಿದು ಏರಿಸುವ ಉಪಾಯ ಬೇಡ, ಅದು ಶಾಫ್ಟ್ ಬಾಗಿಸುತ್ತದೆ.

ಡ್ಯಾಶಿಂಗ್ ಕಾರಿನ ತಗಡು ನೆಲ, ಮೇಲಿನ ಜಾಲರಿ ಎರಡೂ ಒದ್ದೆಯಾಗಿ ಕಿಡಿ ಹಾರುತ್ತದೆ. ಪ್ಯಾನೆಲ್ ಒಳಗೆ ತೇವ ಕೂತು ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿತ ಮಾಡುವ ಬ್ರೇಕರ್) ಟ್ರಿಪ್ ಆಗುತ್ತದೆ. ಆಗ ಸಾಲಿನಲ್ಲಿ ಜನ ಕಾಯುತ್ತಿದ್ದಾರೆಂದು ಅದನ್ನು ಬೈಪಾಸ್ ಮಾಡಿ ಓಡಿಸುವವರಿದ್ದಾರೆ. ಒದ್ದೆ ಕಬ್ಬಿಣದ ಮೆಟ್ಟಿಲ ಮೇಲೆ ಬರಿಗಾಲಿನ ಮಗು ನಿಂತಿರುವಾಗ ಆ 30 ಮಿಲಿಆಂಪಿಯರ್ ಬ್ರೇಕರ್ ಒಂದೇ ಅದರ ಜೀವಕ್ಕೆ ಅಡ್ಡ ನಿಂತಿರುವುದು. ಪ್ಯಾನೆಲ್ ಒಳಗೆ ಚಿಕ್ಕ ಬಲ್ಬ್ ಅಥವಾ ಹೀಟರ್ ಸದಾ ಉರಿಯಲಿ, ಬಾಗಿಲ ರಬ್ಬರ್ ಬದಲಿಸಿ, ಟ್ರಿಪ್ ಆದರೆ ಕಾರಣ ಸಿಗುವವರೆಗೆ ರೈಡ್ ನಿಲ್ಲಲಿ.

ಗಾಳಿಯ ವಿಷಯ. ಬೆಳಿಗ್ಗೆ ಘಟ್ಟದ ಕಡೆಯಿಂದ, ಮಧ್ಯಾಹ್ನದ ಮೇಲೆ ಕಡಲಿನಿಂದ ಬೀಸುತ್ತದೆ. ಗಾಳಿ ತುಂಬಿದ ಜಂಪಿಂಗ್ ಕೋಟೆಗಳನ್ನು ಗಂಟೆಗೆ 38 ಕಿಲೋಮೀಟರ್ ದಾಟಿದ ಗಾಳಿಯಲ್ಲಿ ನಡೆಸಲೇಬಾರದು. ಮರಳಿನಲ್ಲಿ ಹೊಡೆದ ಗೂಟ ಹಿಡಿಯುವುದಿಲ್ಲ. ಕನಿಷ್ಠ ಆರು ಕಡೆ, ಒಂದೊಂದು ಕಡೆಗೂ 163 ಕಿಲೋಗಿಂತ ಕಡಿಮೆಯಿಲ್ಲದ ಭಾರ ಕಟ್ಟಬೇಕು. ಕೈಯಲ್ಲಿ ಹಿಡಿಯುವ ಗಾಳಿಮಾಪಕ ದುಬಾರಿಯೇನಲ್ಲ. ಅರಬ್ಬಿ ಸಮುದ್ರದಲ್ಲಿ ಡಿಸೆಂಬರ್ ಆರಂಭದಲ್ಲೂ ಚಂಡಮಾರುತ ಬರಬಹುದು, 2017ರಲ್ಲಿ ಓಖಿ ಬಂದದ್ದು ಆಗಲೇ.

ಪ್ರವಾಸದ ಬಸ್ಸುಗಳು

2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ನೀರು ಕಂಡರೆ ಇಳಿಯುವುದು ಮಕ್ಕಳ ಸ್ವಭಾವ, ಅದರಲ್ಲೂ ಕಡಲನ್ನೇ ಕಾಣದ ಊರಿನ ಮಕ್ಕಳು. ಎದೆಮಟ್ಟಕ್ಕಿಂತ ಕಡಿಮೆ ಆಳದ, ಕಾವಲಿರುವ ಕೊಳವೊಂದು ದಾರಿಯಲ್ಲಿ ಸಿಕ್ಕರೆ ಶಿಕ್ಷಕರಿಗೂ ಉಸಿರಾಡಲು ಬಿಡುವು. ಪಾರ್ಕ್ ತೆರೆಯಲು ಇದಕ್ಕಿಂತ ಗಟ್ಟಿ ಕಾರಣ ನಮಗೆ ಕಾಣುವುದಿಲ್ಲ, ಆದರೆ ಕಾವಲು ನಿಜವಾಗಿರಬೇಕು. ಕಾವಲುಗಾರ ಮೊಬೈಲ್ ಇಲ್ಲದೆ, ಟಿಕೆಟ್ ಹರಿಯುವ ಕೆಲಸವಿಲ್ಲದೆ ನೀರನ್ನೇ ನೋಡುತ್ತಿರಬೇಕು, ಅರ್ಧ ಗಂಟೆಗೊಮ್ಮೆ ಬದಲಾಗಬೇಕು. ಬಸ್ಸಿನಲ್ಲಿ ಐವತ್ತು ಮಕ್ಕಳಿದ್ದರೆ ಇಪ್ಪತ್ತೈದರಂತೆ ಎರಡು ತಂಡ ಮಾಡಿ, ಬಣ್ಣದ ಬ್ಯಾಂಡ್ ಕಟ್ಟಿ, ಒಂದು ತಂಡ ನೀರಿನಲ್ಲಿರುವಾಗ ಇನ್ನೊಂದು ರೈಡಿನಲ್ಲಿರಲಿ. ಇಳಿಯುವಾಗ ಎಣಿಸಿ, ಹತ್ತುವಾಗ ಎಣಿಸಿ. ವೇಲು, ಬಿಚ್ಚಿದ ಉದ್ದ ಜಡೆ ತಿರುಗುವ ರೈಡಿಗೆ ಬೇಡ.

ಬುಕಿಂಗ್ ಪ್ರವಾಸ ಮಾತ್ರ ಎಂಬ ಆಯ್ಕೆಗೆ ದಿನದ ಖರ್ಚು 40,000, ಮಗುವಿಗೆ ಉಳಿಯುವುದು 220 ಎಂದಾದರೆ 182 ಮಕ್ಕಳು, ಅಂದರೆ ನಾಲ್ಕು ಬಸ್. ಎರಡೇ ಬಸ್ಸಿಗೆ ಗೇಟು ತೆರೆದರೆ ನಷ್ಟ. ಬಹುಪಾಲು ಶಾಲೆಗಳು ಡಿಸೆಂಬರ್ ಕೊನೆಯೊಳಗೆ ಪ್ರವಾಸ ಮುಗಿಸುತ್ತವೆ, ಮಾರ್ಗ ನಿಗದಿಯಾಗುವುದು ಅಕ್ಟೋಬರ್–ನವೆಂಬರ್‌ನಲ್ಲೇ. ಹುಬ್ಬಳ್ಳಿ, ಹಾವೇರಿ, ದಾವಣಗೆರೆ ಕಡೆಯ ಶಾಲೆಗಳಿಗೆ ಆಗಲೇ ದರಪಟ್ಟಿ ತಲುಪಿರಬೇಕು. ಬುಕ್ ಮಾಡಿದ ದಿನ ಅವರು ಬರುವ ಘಟ್ಟದ ರಸ್ತೆ ಕಾಮಗಾರಿಗಾಗಿ ಮುಚ್ಚಿದೆಯೇ ಎಂದೂ ವಿಚಾರಿಸಿಕೊಳ್ಳಿ.

ಶಿರಸಿ ಕಡೆಯವರಿಗೆ

ನವೆಂಬರ್‌ನಿಂದ ಫೆಬ್ರವರಿವರೆಗೆ ಅಡಿಕೆ ಕೊಯ್ಲು. ಕೊನೆ (ಗೊನೆ) ಇಳಿಸುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಮನೆಯವರಿಗೂ ಬಿಡುವಿಲ್ಲ, ಆಳುಗಳೂ ಸಿಗುವುದಿಲ್ಲ. ಅಡಿಕೆ ಸುಲಿಯಲು ಹೋದರೆ ಸಿಗುವ ಕೂಲಿ ಬಿಟ್ಟು ರೈಡ್ ಹೆಲ್ಪರ್ ಆಗಿ ಯಾರೂ ಬರುವುದಿಲ್ಲ. ಜನರ ಕೈಗೆ ದುಡ್ಡು ಬರುವುದೂ ಕೊಯ್ಲಿನ ನಂತರ. ಎರಡು ವರ್ಷಕ್ಕೊಮ್ಮೆ ಫೆಬ್ರವರಿ–ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ ಬರುವ ವರ್ಷವಾದರೆ ಓವರ್‌ಹಾಲ್ ಅನ್ನು ಜನವರಿಗೆ ಇಟ್ಟುಕೊಂಡು ಜಾತ್ರೆಯ ಹೊತ್ತಿಗೆ ತೆರೆಯುವುದು ಡಿಸೆಂಬರ್‌ಗಿಂತ ಎಷ್ಟೋ ಮೇಲು. ಜಾತ್ರೆಯಿಲ್ಲದ ವರ್ಷ ಭಾನುವಾರ ಸಂಜೆ ನಾಲ್ಕು ರೈಡು, ಬಿಸಿ ಮಿರ್ಚಿ ಬಜಿ, ಚಹಾ ಇಷ್ಟರಲ್ಲೇ ಮುಗಿಸಿ.

ಕರಾವಳಿಯವರು ತೀರ್ಮಾನಿಸುವ ಕ್ರಮ

ಕಾರವಾರ, ಕುಮಟಾ, ಹೊನ್ನಾವರದ ಪಾರ್ಕುಗಳಿಗೆ ನಮ್ಮ ಸಲಹೆ ಇದು: ಡಿಸೆಂಬರ್ ಮೊದಲೆರಡು ವಾರ ಬುಕಿಂಗ್ ಪ್ರವಾಸಕ್ಕೆ ಮಾತ್ರ, 24ರಿಂದ 1ರವರೆಗೆ ಎಲ್ಲರಿಗೂ. ಮೊದಲ ವರ್ಷವಾದರೆ ಕೊಳಗಳಲ್ಲಿ ಒಂದನ್ನಷ್ಟೇ ತುಂಬಿ. ಆದರೆ ಇದೆಲ್ಲ ಕೆಳಗಿನ ಕೆಲಸ ಮುಗಿದರೆ ಮಾತ್ರ.

ನವೆಂಬರ್ ಮೊದಲ ವಾರ ಟಾರ್ಪಾಲು ತೆಗೆದು ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆಯಿರಿ. ಬಣ್ಣ ಕೊನೆಗೆ. ಮೊದಲೇ ಬಣ್ಣ ಬಳಿದರೆ ಬೆಸುಗೆಯ ಬಿರುಕು ಮುಚ್ಚಿಹೋಗುತ್ತದೆ. ತೊಟ್ಟಿಲಿನ ಕೊಂಡಿ, ತೂಗಾಡುವ ಹಡಗಿನ ರೈಡಾದ ಕೊಲಂಬಸ್‌ನ ತೋಳು, ಸೀಟಿನ ಬುಡ, ಈ ಬೆಸುಗೆಗಳಿಗೆ ಡೈ ಪೆನಿಟ್ರಂಟ್ (ಬಣ್ಣ ಇಳಿಸಿ ಬಿರುಕು ಕಾಣಿಸುವ) ಪರೀಕ್ಷೆ ಮಾಡಿಸಿ. ಪೊಳ್ಳು ಕಂಬಗಳ ಬುಡದಲ್ಲಿ ಮಳೆನೀರು ನಿಂತು ಒಳಗಿನಿಂದ ತುಕ್ಕು ತಿನ್ನುತ್ತದೆ, ಹೊರಗೆ ಬಣ್ಣ ಚೆನ್ನಾಗಿಯೇ ಕಾಣುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಸದ್ದು ಮಂದವಾದ ಕಡೆ ಅಲ್ಟ್ರಾಸಾನಿಕ್ ಗೇಜ್ ಹಿಡಿದು ದಪ್ಪ ಅಳೆಯಿರಿ. 16 ಮಿಲಿಮೀಟರ್ ವೈರ್ ರೋಪ್ 14.4ಕ್ಕೆ ಸವೆದಿದ್ದರೆ ಬದಲಿಸಿ. ಮೋಟರುಗಳಿಗೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ, 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಒಣಗಿಸದೆ ಕರೆಂಟ್ ಕೊಡಬೇಡಿ. ಬೋಲ್ಟು ಕಳಚದಂತೆ ತಡೆಯುವ ಕಾಟರ್ ಪಿನ್ನುಗಳು ಎಲ್ಲವೂ ಹೊಸತು. ಹಳೆಯದನ್ನು ನೇರ ಮಾಡಿ ಮತ್ತೆ ಹಾಕಿದರೆ ಬಾಗಿದ ಜಾಗದಲ್ಲೇ ತುಂಡಾಗುತ್ತದೆ.

ಡಿಸೆಂಬರ್ ಮೊದಲ ಪ್ರವಾಸಕ್ಕೆ ವಾರ ಮೊದಲು ಮರಳು ಚೀಲದ ಪರೀಕ್ಷೆ: ದೊಡ್ಡವರ ಸೀಟಿಗೆ 75 ಕಿಲೋ, ಮೊದಲು ಪೂರ್ತಿ ಭಾರ, ಆಮೇಲೆ ಒಂದೇ ಕಡೆ ಅರ್ಧ ಭಾರ. ತಯಾರಕರ ಕೈಪಿಡಿ ಕಳೆದಿದ್ದರೆ ತರಿಸಿಕೊಂಡು ಅದರ ಮಿತಿಯಲ್ಲೇ ಮಾಡಿ. ವಿಮೆಯ ಪಾಲಿಸಿಯಲ್ಲಿ ಡಿಸೆಂಬರ್ ಸೇರಿದೆಯೇ ನೋಡಿ, ಬೇಸಿಗೆಯ ಎರಡು ತಿಂಗಳಿಗಷ್ಟೇ ಮಾಡಿಸಿದವರು ಬಹಳ. ಪೊಲೀಸ್, ಸ್ಥಳೀಯ ಸಂಸ್ಥೆ, ಅಗ್ನಿಶಾಮಕ, ವಿದ್ಯುತ್ ಪರಿವೀಕ್ಷಣೆ, ಎಲ್ಲ ಕಾಗದಕ್ಕೂ ನವೆಂಬರ್‌ನಲ್ಲೇ ಅರ್ಜಿ ಹೋಗಿರಬೇಕು. ಹೊಸ ವರ್ಷದ ರಾತ್ರಿಗೆಂದು ಬೇರೆ ಆದೇಶವಿಲ್ಲದಿದ್ದರೆ ಹತ್ತಕ್ಕೆ ಮೈಕು ನಿಲ್ಲಬೇಕು. ಕಡಲತೀರಕ್ಕೆ ಮುಖಮಾಡಿದ ಫ್ಲಡ್‌ಲೈಟ್‌ಗಳನ್ನು ಒಳಕ್ಕೆ ತಿರುಗಿಸಿ. ಕಡಲಾಮೆಗಳು ನಮ್ಮ ಮರಳಿಗೆ ಮೊಟ್ಟೆಯಿಡಲು ಬರುವ ಕಾಲವೂ ಇದೇ, ಬೆಳಕು ಅವನ್ನು ದಾರಿ ತಪ್ಪಿಸುತ್ತದೆ.

ಡಿಸೆಂಬರ್ 15ಕ್ಕೂ ಪರೀಕ್ಷೆ ಮುಗಿಯದ ರೈಡು ಈ ವರ್ಷಕ್ಕಿಲ್ಲ. ಆರರಲ್ಲಿ ಮೂರೇ ಸಿದ್ಧವಾಗಿದ್ದರೆ ಮೂರನ್ನೇ ನಡೆಸಿ, ಟಿಕೆಟ್ ದರ ಇಳಿಸಿ, ಗೇಟಿನಲ್ಲೇ ಬರೆದು ಹಾಕಿ. ಒಂದೂ ಸಿದ್ಧವಿಲ್ಲದಿದ್ದರೆ ಮೊದಲ ಆಯ್ಕೆ ಇದ್ದೇ ಇದೆ: ಬೀಗ ಹಾಗೆಯೇ ಇರಲಿ, ತಿಂಗಳಿಗೊಮ್ಮೆ ಯಂತ್ರ ತಿರುಗಿಸುತ್ತಿರಿ, ಉಳಿದ ಓವರ್‌ಹಾಲನ್ನು ಅವಸರವಿಲ್ಲದೆ ಫೆಬ್ರವರಿಯೊಳಗೆ ಮುಗಿಸಿ.

ತೆರೆದವರಿಗೆ ಜನವರಿ 2ರ ಕೆಲಸ: ರೈಡುಗಳನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ ಗ್ರೀಸ್ ತುಂಬುವುದು, ಕೊಳದ ನೀರನ್ನು ಖಾಲಿ ಮಾಡದೆ ಕ್ಲೋರಿನ್ ಹಾಕಿ ದಿನಕ್ಕೆರಡು ಗಂಟೆ ಪಂಪ್ ಓಡಿಸುತ್ತಾ ಏಪ್ರಿಲ್‌ಗೆ ಉಳಿಸಿಕೊಳ್ಳುವುದು. ಆ ದಿನಗಳಲ್ಲಿ ಕೊಳದ ಸುತ್ತ ಬೇಲಿಯೂ ಅದರ ಬಾಗಿಲಿಗೆ ಬೀಗವೂ ಇರಲೇಬೇಕು.